2013ರ ಡಿಜೈರ್ ಡೀಸೆಲ್: ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗರಗರ ಶಬ್ದ. ಎಷ್ಟು ಖರ್ಚು ಬೀಳಬಹುದು?

ತಿಪಟೂರು_ತೆಂಗು

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ಸೆಕೆಂಡ್ ಹ್ಯಾಂಡ್ ಡಿಜೈರ್ ತಗೊಂಡೆ. 2013ರ ವಿಡಿಐ, ಮೀಟರ್ 92 ಸಾವಿರ ಚಿಲ್ಲರೆ, ಆರ್‌ಸಿಯಲ್ಲಿ ಎರಡನೇ ಓನರ್. ಬೆಂಗಳೂರಿನ ಒಬ್ಬ ಬ್ರೋಕರ್ ಹತ್ತಿರ 3.60 ಲಕ್ಷಕ್ಕೆ ಮುಗೀತು. ನಾನಿರೋದು ನಾಗಸಂದ್ರದಲ್ಲಿ. ಪ್ರತಿ ಶನಿವಾರ ಊರಿಗೆ ಹೋಗಿ ಬಂದರೆ 250 ಕಿ.ಮೀ. ದಾಟುತ್ತೆ, ಅದಕ್ಕೇ ಡೀಸೆಲ್.

ತೊಂದರೆ ಏನಂದ್ರೆ, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ನಾಲ್ಕೈದು ಸೆಕೆಂಡ್ ಗರಗರ ಅನ್ನುತ್ತೆ, ಹಾಲಿನ ಕ್ಯಾನಿಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ನಿಂತುಹೋಗುತ್ತೆ. ಇಂಜಿನ್ ಬಿಸಿಯಾದ ಮೇಲೆ ದಿನವಿಡೀ ಮತ್ತೆ ಬರಲ್ಲ. ಮನೆ ಹತ್ತಿರದ ಗ್ಯಾರೇಜ್‌ನವರು ಬಾನೆಟ್ ಎತ್ತಿ ಒಂದು ನಿಮಿಷ ಕೇಳಿ "ಇಂಜಿನ್ ಇಳಿಸಬೇಕು, 45 ಸಾವಿರ" ಅಂದ್ರು. ಹೊಟ್ಟೆ ಕಲಸಿದ ಹಾಗಾಯ್ತು.

ಇದರ ಜೊತೆಗೆ ಕ್ಲಚ್ ತುಂಬಾ ಬಿಗಿ. ಹಂಪ್ ಮೇಲೆ ಮುಂದಿನ ಎಡಗಡೆ ಟಕ್ ಟಕ್. ಸಿಗ್ನಲ್‌ನಲ್ಲಿ ನಿಂತರೆ ಎ.ಸಿ. ಬಿಸಿ ಗಾಳಿ, ಓಡುವಾಗ ತಣ್ಣಗೆ. ಇದೆಲ್ಲ ನೋಡುವಾಗ ಒಂದೂ ಕಾಣಲಿಲ್ಲವಾ ಅಂತ ಮನೇಲಿ ಕೇಳಿದ್ರು. ನಾನು ಹೋದಾಗ ಬೆಳಿಗ್ಗೆ ಹನ್ನೊಂದು. "ಈಗಷ್ಟೇ ಇನ್ನೊಂದು ಪಾರ್ಟಿ ಟ್ರಯಲ್ ನೋಡಿ ಹೋದ್ರು ಸಾರ್, ಇವತ್ತೇ ಅಡ್ವಾನ್ಸ್ ಕೊಡ್ತಾರಂತೆ" ಅಂದ. ಗಾಡಿ ಬಿಸಿಯಾಗಿತ್ತು. ನಾನು ಆ ಪಾರ್ಟಿ ಬಗ್ಗೆ ಯೋಚನೆ ಮಾಡಿದೆ, ಬಿಸಿ ಬಗ್ಗೆ ಮಾಡಲಿಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಆ ಇನ್ನೊಂದು ಪಾರ್ಟಿ ನನಗೂ ಗೊತ್ತು ಗುರು. ನಾನು ಗಾಡಿ ನೋಡೋಕೆ ಹೋದ ಕಡೆಯಲ್ಲೆಲ್ಲ ನನಗಿಂತ ಹತ್ತು ನಿಮಿಷ ಮುಂಚೆ ಬಂದು ಹೋಗಿರ್ತಾನೆ.

ಶಬ್ದ ಟೈಮಿಂಗ್ ಚೈನ್ ಇರಬೇಕು, ಇಂಜಿನ್ ಒಳಗೆ ಪಿಸ್ಟನ್ನೂ ವಾಲ್ವೂ ಒಂದೇ ತಾಳಕ್ಕೆ ಓಡೋ ಹಾಗೆ ನೋಡ್ಕೊಳ್ಳೋದು ಅದು. ಈ 1.3 ಡೀಸೆಲ್‌ಗೆ ಬೆಲ್ಟ್ ಅಲ್ಲ, ಚೈನ್. "ಚೈನ್ ಲೈಫ್‌ಟೈಮ್ ಬರುತ್ತೆ, ಮುಟ್ಟೋದೇ ಬೇಡ" ಅಂತ ಹೇಳ್ತಾರಲ್ಲ, ಅದು ಆಯಿಲ್ ಸರಿಯಾಗಿ ಬದಲಿಸಿದ ಗಾಡಿಗೆ ಹೇಳೋ ಮಾತು. ಆದರೆ 45 ಸಾವಿರ ಜಾಸ್ತಿ ಆಯ್ತು. ಇನ್ನೊಂದು ಕಡೆ ಕೇಳಿ.

ಗದಗ_ಗಿರ್ಮಿಟ್

ತೆಂಗು ಅವರ, ನಂದೂ ಇದೇ ಇಂಜಿನ್ ಐತ್ರಿ, 2012ರ ಡಿಜೈರ್, ಒಂದು ಲಕ್ಷ ತೊಂಬತ್ತು ಸಾವಿರ ಓಡೇತಿ. ಚೈನ್ ಇನ್ನಾ ಬಿಚ್ಚಿಲ್ಲ. ಎಂಟು ಸಾವಿರಕ್ಕೊಮ್ಮೆ ಆಯಿಲ್ ಹಾಕ್ತೀನಿ, ಪುಸ್ತಕದಾಗ ಹತ್ತು ಅಂತ ಬರದಾರ ಅಂದ್ರೂ ನಾ ಕಾಯೂದಿಲ್ಲ.

ಕ್ಲಚ್ ಮಾತ್ರ ಎರಡು ಸಲ ಹಾಕ್ಸೀನಿ. ಮೊದಲನೇದು 70 ಸಾವಿರ ಕಿ.ಮೀ. ಓಡಿದಾಗ ಹೋತು, ಆವಾಗ ಬೆಂಗಳೂರಾಗ ಇದ್ದೆ. ಎರಡನೇದು ಇಲ್ಲೆ ಊರಾಗ, ಇನ್ನಾ ಗಟ್ಟಿ ಐತಿ. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರೂ ಕೂಡಿಸಿ ಹಾಕ್ರಿ. ಪ್ಲೇಟ್ ಒಂದ ಹಾಕಿ ಎರಡು ಸಾವಿರ ಉಳಸಾಕ ಹೋದ್ರ, ಆರು ತಿಂಗಳಿಗೆ ಬೇರಿಂಗ್ ಕೂಗತೈತಿ. ಮತ್ತ ಗೇರ್‌ಬಾಕ್ಸ್ ಇಳಸ್ರಿ, ಮತ್ತ ಮಜೂರಿ ಕೊಡ್ರಿ.

ಕ್ಲಚ್ ಹೋಗೇತಿ ಇಲ್ಲೋ ನೋಡಾಕ ಗ್ಯಾರೇಜ್ ಬ್ಯಾಡ. ಖಾಲಿ ರೋಡಿನಾಗ ಮೂರನೇ ಗೇರಿನಾಗ ನಿಧಾನ ಹೊಂಟಾಗ ಒಮ್ಮೆಲೆ ಎಕ್ಸಲೇಟರ್ ಪೂರ್ತಿ ಒತ್ರಿ. ಮುಳ್ಳು ಜಿಗದು, ಗಾಡಿ ಜಿಗೀಲಿಲ್ಲ ಅಂದ್ರ ಪ್ಲೇಟ್ ಜಾರಾಕತ್ತೇತಿ ಅಂತ ತಿಳ್ಕೋರಿ.

ಸ್ಪ್ಯಾನರ್_ಹದಿನಾಲ್ಕು

ಹಾಸನದಲ್ಲಿ ನಂದೇ ಗ್ಯಾರೇಜ್ ಇದೆ, ಹದಿನೆಂಟು ವರ್ಷದಿಂದ ಇದೇ ಕೆಲಸ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಈ ಇಂಜಿನ್ ಮೂಲದಲ್ಲಿ ಫಿಯಟ್‌ದು, 1248 ಸಿಸಿ ಮಲ್ಟಿಜೆಟ್. ಸುಜುಕಿಯವರು ಲೈಸೆನ್ಸ್ ತಗೊಂಡು ಮಾನೇಸರ್‌ನಲ್ಲಿ ತಯಾರಿಸ್ತಿದ್ರು. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಆ ಕಡೆ ಪುಂಟೊ, ಲೀನಿಯಾ, ಇಂಡಿಕಾ ವಿಸ್ಟಾ, ಎಲ್ಲದರೊಳಗೂ ಇದೇ. 2020ರ ಏಪ್ರಿಲ್‌ನಲ್ಲಿ ಹೊಗೆಯ ಬಿಎಸ್-6 ನಿಯಮ ಬಂದಾಗ ಮಾರುತಿಯವರು ಡೀಸೆಲ್ಲನ್ನೇ ನಿಲ್ಲಿಸಿದ್ರು. ಹಾಗಂತ ಸ್ಪೇರ್‌ಗೆ ಬರ ಇಲ್ಲ. ಹಳ್ಳಿ ಅಂಗಡೀಲೂ ಸಿಗುತ್ತೆ.

ಈಗ ಚೈನ್ ವಿಷಯ. ಚೈನ್ ಬಿಗಿಯಾಗಿ ಹಿಡಿಯೋಕೆ ಒಂದು ಟೆನ್ಷನರ್ ಇರುತ್ತೆ, ಅದನ್ನ ತಳ್ಳೋದು ಆಯಿಲ್ ಪ್ರೆಷರ್. ರಾತ್ರಿಯೆಲ್ಲ ಗಾಡಿ ನಿಂತಾಗ ಆಯಿಲ್ ಕೆಳಗಿಳಿದಿರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲೆ ಬರೋಕೆ ಒಂದೆರಡು ಸೆಕೆಂಡ್ ಬೇಕು. ಚೈನ್ ಸರಿಯಿದ್ರೆ ಆ ಎರಡು ಸೆಕೆಂಡಲ್ಲಿ ಏನೂ ಕೇಳಲ್ಲ. ಚೈನ್ ಉದ್ದ ಆಗಿ, ಅದು ಜಾರೋ ಗೈಡ್ ಪಟ್ಟಿ ಸವೆದಿದ್ರೆ, ಪ್ರೆಷರ್ ಬರೋತನಕ ಕವರ್‌ಗೆ ಬಡ್ಕೊಳ್ಳುತ್ತೆ. ನಿಮ್ಮ ಮೊಳೆ ಶಬ್ದ ಅದೇ. ಎರಡು ಸೆಕೆಂಡ್ ಬಂದ್ರೆ ಕಾಯಬಹುದು. ನಾಲ್ಕೈದು ಅಂದ್ರೆ ಕಾಯಬೇಡಿ. ಚೈನ್ ಒಂದು ಹಲ್ಲು ಹಾರಿದ್ರೆ ವಾಲ್ವ್‌ಗೆ ಪಿಸ್ಟನ್ ಹೊಡೆಯುತ್ತೆ, ರಾಕರ್ ಮುರಿಯುತ್ತೆ, ಹೆಡ್ ಬಿಚ್ಚಬೇಕು. ಆವಾಗ ಆ 45 ಸಾವಿರ ಸಸ್ತಾ ಅನ್ಸುತ್ತೆ.

ಇದಕ್ಕೆ ಕಂಪನಿನ ಬಯ್ಯೋದು ಬೇಡ. ಈ ಇಂಜಿನ್‌ಗೆ ಹಿಡಿಸೋದೇ ಮೂರು ಲೀಟರ್ ಚಿಲ್ಲರೆ ಆಯಿಲ್. ಅಷ್ಟರಲ್ಲೇ ಟರ್ಬೊ, ಚೈನ್, ಬೇರಿಂಗ್ ಎಲ್ಲ ಬದುಕಬೇಕು. ಹತ್ತು ಸಾವಿರದ ಜಾಗದಲ್ಲಿ ಇಪ್ಪತ್ತು ಸಾವಿರ ಓಡಿಸಿದ್ರೆ ಆಯಿಲ್ ಕಾಕಂಬಿ ಆಗುತ್ತೆ.

ಪೂರ್ತಿ ಇಂಜಿನ್ ಇಳಿಸೋ ಅಗತ್ಯ ಇಲ್ಲ. ಇಂಜಿನ್‌ಗೆ ಜಾಕ್ ಕೊಟ್ಟು, ಮೌಂಟಿಂಗ್, ಸಂಪ್ (ಅಡಿಯ ಆಯಿಲ್ ತಟ್ಟೆ), ಪುಲ್ಲಿ, ಮುಂದಿನ ಕವರ್ ತೆಗೆದು ಮಾಡ್ತೀವಿ. ಆದರೆ ಚೈನ್ ತಿರುಗಿಸೋ ಕ್ರ್ಯಾಂಕ್, ಅದರಿಂದ ತಿರುಗೋ ಕ್ಯಾಮ್, ಎರಡೂ ಅಲ್ಲಾಡದ ಹಾಗೆ ಲಾಕ್ ಮಾಡೋ ಟೂಲ್ ಇದೆಯಾ ಅಂತ ಮೊದಲು ಕೇಳಿ. "ಪೇಂಟ್ ಮಾರ್ಕ್ ಹಾಕ್ಕೊಂಡು ಮಾಡ್ತೀನಿ" ಅನ್ನೋರ ಹತ್ತಿರ ಹೋಗಬೇಡಿ. ಚೈನ್, ಟೆನ್ಷನರ್, ಗೈಡ್, ಸೀಲ್, ಮಜೂರಿ ಎಲ್ಲ ಸೇರಿ 15ರಿಂದ 20 ಸಾವಿರ ನಮ್ಮ ಕಡೆ. ಬೆಂಗಳೂರಲ್ಲಿ ಇನ್ನೊಂದೈದು ಜಾಸ್ತಿ ಹಿಡ್ಕೊಳ್ಳಿ.

ಒಂದು ಮಾತು. 92 ಸಾವಿರಕ್ಕೆ ಚೈನ್ ಈ ಸ್ಥಿತಿಗೆ ಬರೋದು ಕಡಿಮೆ. ಕಂಪನಿ ಸರ್ವಿಸ್ ಸೆಂಟರ್‌ಗೆ ಆರ್‌ಸಿ ತಗೊಂಡು ಹೋಗಿ ಗಾಡಿ ಹಿಸ್ಟರಿ ಕೇಳಿ.

ತಿಪಟೂರು_ತೆಂಗು

ಅಣ್ಣ, ನೀವು ಹೇಳಿದ ಹಾಗೆ ಇವತ್ತು ಹಿಸ್ಟರಿ ತೆಗೆಸಿದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ, ಮಾತಾಡದೆ ಸ್ಕ್ರೀನನ್ನ ನನ್ನ ಕಡೆ ತಿರುಗಿಸಿದ.

ಕೊನೆಯ ಸರ್ವಿಸ್ 2019ರ ಆಗಸ್ಟ್. ಕಿ.ಮೀ. 1,38,412.

ಅದಕ್ಕೂ ಹಿಂದಿನ ಎರಡು ಸರ್ವಿಸ್‌ಗಳ ನಡುವೆ 23 ಸಾವಿರದ ಅಂತರ. ಆಮೇಲೆ ಎಲ್ಲಿ ಓಡಿತು, ಎಷ್ಟು ಓಡಿತು, ಯಾರು ಯಾವ ಆಯಿಲ್ ಹಾಕಿದ್ರು, ದೇವರಿಗೇ ಗೊತ್ತು. 92 ಸಾವಿರ ಅನ್ನೋ ನಂಬರ್ ಯಾರೋ ಲ್ಯಾಪ್‌ಟಾಪ್ ಇಟ್ಕೊಂಡು ಬರೆದದ್ದು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಅಯ್ಯೋ.

ತಗೊಳ್ಳೋ ಮುಂಚೆ ನೋಡೋರಿಗೆ ಹೇಳ್ತೀನಿ, ಮೀಟರ್ ಬದಲಾಯಿಸೋದು ಸುಲಭ, ಬೇರೆ ಗುರುತು ಬದಲಾಯಿಸೋಕೆ ದುಡ್ಡು ಬೇಕು. ಕ್ಲಚ್ ಪೆಡಲ್ ರಬ್ಬರ್ ಮೂಲೆ ಬೋಳಾಗಿದೆಯಾ, ಸ್ಟೇರಿಂಗ್ ಹಿಡಿಯೋ ಜಾಗ ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ಕುಸಿದಿದೆಯಾ. ಟಯರ್ ಮೇಲೆ ನಾಲ್ಕಂಕಿ ಇರುತ್ತೆ. 2318 ಅಂದ್ರೆ 2018ರ 23ನೇ ವಾರ ತಯಾರಾದದ್ದು. 30 ಸಾವಿರ ಓಡಿದ ಗಾಡಿ ಅಂತಾರೆ, ಮೂರನೇ ಸೆಟ್ ಟಯರ್ ಇರುತ್ತೆ. ಹೆಂಗೆ ಸ್ವಾಮಿ?

ಬೆಂಗಳೂರಿನ ಗಾಡಿಯಾದ್ರೆ ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ನೋಡಿ. 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಎಷ್ಟು ಗಾಡಿ ನೀರಲ್ಲಿ ನಿಂತಿದ್ವು ಅಂತ ನೆನಪಿದೆಯಲ್ಲ. ಸೀಟ್ ತೊಳೀತಾರೆ, ಮ್ಯಾಟ್ ಹೊಸದು ಹಾಕ್ತಾರೆ. ಬೆಲ್ಟಿನ ಕೊನೇ ಒಂದಡಿ ಯಾರೂ ತೊಳೆಯಲ್ಲ, ಕೆಸರಿನ ಗೆರೆ ಅಲ್ಲೇ ಇರುತ್ತೆ.

ಕುಡ್ಲದ_ಗಾಳಿ

ನಮ್ಮಲ್ಲಿ ಮೀಟರ್‌ಗಿಂತ ದೊಡ್ಡ ಕತೆ ತುಕ್ಕಿನದ್ದು ಮಾರಾಯ್ರೆ. ಸಮುದ್ರದ ಗಾಳಿ, ನಾಲ್ಕು ತಿಂಗಳು ಮಳೆ. ಮೇಲಿಂದ ಗಾಡಿ ಮದುಮಗಳ ಹಾಗೆ ಉಂಟು, ಅಡಿಯಲ್ಲಿ ಸೈಲೆನ್ಸರ್ ಕೈಯಲ್ಲಿ ಪುಡಿ ಆಗ್ತದೆ. ನಾನು ಒಂದು ಡಿಜೈರ್ ನೋಡ್ಲಿಕ್ಕೆ ಹೋಗಿ ಸ್ಟೆಪ್ನಿ ತೆಗೆದು ನೋಡಿದರೆ ಆ ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಮರಿ ಹಾಕಿತ್ತು. ಓನರ್ ಹೇಳಿದ್ದೆಂತ ಗೊತ್ತುಂಟಾ, "ನಿನ್ನೆ ವಾಷಿಂಗ್ ಮಾಡಿಸಿದ್ದು".

ತೆಂಗು ಅವರ ಟಕ್ ಟಕ್‌ಗೆ ಮೊದಲು ಚಕ್ರದ ಹತ್ತಿರದ ಲಿಂಕ್ ರಾಡ್ ನೋಡಿ, ಕಡಿಮೆ ಖರ್ಚಿನದ್ದು, ಒಂದಕ್ಕೆ ಐನೂರು ಆರ್ನೂರು. ಅದಲ್ಲದಿದ್ದರೆ ಲೋಯರ್ ಆರ್ಮಿನ ರಬ್ಬರ್ ಬುಷ್. ಕೆಲವರು ಸೀದಾ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಎರಡೂ ಬದಲಿಸಿಬಿಡ್ತಾರೆ, ಐದಾರು ಸಾವಿರ ಹೋದ ಮೇಲೂ ಶಬ್ದ ಅಲ್ಲೇ ಇರ್ತದೆ. ನನಗೆ ಆಗಿದೆ.

ಜಯನಗರ_ನಾಲ್ಕನೇ_ಬ್ಲಾಕ್

ಮೀಟರ್ ತಿದ್ದಿದ್ದು ನಿಮ್ಮ ಕೈಗೆ ಸಿಕ್ಕ ಒಳ್ಳೇ ದಾಖಲೆ. ಆ ಹಿಸ್ಟರಿ ಪ್ರಿಂಟ್ ಇಟ್ಕೊಳ್ಳಿ. ಬ್ರೋಕರ್ ವಾಟ್ಸಾಪ್‌ನಲ್ಲಿ "92 ಸಾವಿರ, ಒರಿಜಿನಲ್" ಅಂತ ಕಳಿಸಿದ್ರೆ ಅದನ್ನೂ ಅಳಿಸಬೇಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಎರಡು ವರ್ಷ ಸಮಯ ಇದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನನ್ನ ಅನುಭವದಲ್ಲಿ ಮೊದಲು ಎದುರಿಗೆ ಕೂತು ಮಾತಾಡೋದೇ ಬೇಗ ಮುಗಿಯುತ್ತೆ. ದಲ್ಲಾಳಿಗೆ ಕೋರ್ಟಿಗಿಂತ ಪಕ್ಕದಲ್ಲಿ ನಿಂತಿರೋ ಮುಂದಿನ ಗಿರಾಕಿ ಕೇಳಿಸ್ಕೊಳ್ತಾನಲ್ಲ ಅನ್ನೋ ಭಯ ಜಾಸ್ತಿ.

ಇನ್ನೊಂದು ಲೆಕ್ಕ ಯಾರೂ ಹೇಳಲಿಲ್ಲ. 2013ರ ಗಾಡಿಗೆ 2028ರಲ್ಲಿ ಹದಿನೈದು ವರ್ಷ. ಆಗ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು, ಕಾರಿಗೆ ಆ ಶುಲ್ಕವೇ 5,000, ಗ್ರೀನ್ ಟ್ಯಾಕ್ಸ್ ಬೇರೆ. ಹಳೇ ಓನರ್ ಹೆಸರಲ್ಲಿ ಟ್ರಾಫಿಕ್ ಫೈನ್ ಬಾಕಿ ಇದೆಯಾ ಅಂತಲೂ ಗಾಡಿ ನಂಬರ್ ಹಾಕಿ ನೋಡಿ. ನನಗೆ ಹನ್ನೊಂದು ಸಿಕ್ಕಿತ್ತು, ಅದರಲ್ಲಿ ಏಳು ಒಂದೇ ಸಿಗ್ನಲ್‌ನಲ್ಲಿ.

ಮೊದಲ_ಕಾರು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಂದು ತಿಂಗಳಿಗೆ 500 ಕಿ.ಮೀ. ಅಷ್ಟೇ, ಸಿಟಿ ಒಳಗೆ. ಡೀಸೆಲ್ ಡಿಜೈರ್ ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ?

ಸ್ಪ್ಯಾನರ್_ಹದಿನಾಲ್ಕು

ಪೆಟ್ರೋಲ್. 500 ಕಿ.ಮೀ.ಗೆ ಡೀಸೆಲ್ ಸಾಕೋದು, ಒಂದು ಲೋಟ ಹಾಲಿಗೆ ಎಮ್ಮೆ ಕಟ್ಟಿದ ಹಾಗೆ. ಡೀಸೆಲ್ ಸಿಂಪಡಿಸೋ ಒಂದು ಇಂಜೆಕ್ಟರ್ ಹೋದ್ರೆ ಹಳೇದು ರಿಪೇರಿ ಮಾಡಿಸೋಕೇ ಆರೇಳು ಸಾವಿರ, ಹೊಸದಾದ್ರೆ ಅದರ ಎರಡರಷ್ಟು. ಅಂಥವು ನಾಲ್ಕಿವೆ. ಟರ್ಬೊ ರೀಕಂಡೀಷನ್ ಮಾಡಿದ್ದು ಹದಿನೈದರ ಆಸುಪಾಸು, ಹೊಸದು ಮೂವತ್ತರ ಹತ್ತಿರ. ಸಿಟಿ ಒಳಗೇ ನಿಧಾನ ಓಡಿಸಿದ್ರೆ ಹೊಗೆಯನ್ನ ಸ್ವಲ್ಪ ಮತ್ತೆ ಇಂಜಿನ್‌ಗೆ ಕಳಿಸೋ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿ ಪಿಕಪ್ ಸಾಯುತ್ತೆ.

ಜಯನಗರ_ನಾಲ್ಕನೇ_ಬ್ಲಾಕ್

ತೆಂಗು ಅವರೇ, ಸ್ಪೇರ್‌ಗೆ ಜೆ.ಸಿ. ರಸ್ತೆಗೆ ಹೋಗಿ. ಅದೇ ಚೈನ್ ಕಿಟ್ ಬೇರೆ ಕಂಪನಿದು ಅರ್ಧ ರೇಟಿಗೆ ಸಿಗುತ್ತೆ.

ಸ್ಪ್ಯಾನರ್_ಹದಿನಾಲ್ಕು

ಇಲ್ಲಿ ನಾನು ಒಪ್ಪಲ್ಲ ಸಾರ್. ಲಿಂಕ್ ರಾಡ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್ ಹೊರಗಿಂದ ತನ್ನಿ, ನಾನೇ ಹಾಕಿಕೊಡ್ತೀನಿ. ಅದು ಹೋದ್ರೆ ಅರ್ಧ ಗಂಟೆ ಕೆಲಸ. ಚೈನ್ ಹೋದ್ರೆ ಇಂಜಿನ್ನೇ ಹೋಗುತ್ತೆ. ನಾಲ್ಕು ಸಾವಿರ ಉಳಿಸೋ ಜಾಗ ಅದಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

ಕಂಪನಿ ಡಬ್ಬದಲ್ಲಿ ಬರೋದನ್ನ ತಯಾರಿಸೋರೂ ಹೊರಗಿನ ಸಪ್ಲೈಯರೇ ಅಲ್ವಾ? ಡಬ್ಬಕ್ಕೆ ಯಾಕೆ ದುಡ್ಡು ಕೊಡಬೇಕು?

ಸ್ಪ್ಯಾನರ್_ಹದಿನಾಲ್ಕು

ಅದೇ ಸಪ್ಲೈಯರ್ ಹೆಸರಿನ ಡಬ್ಬ ಆದ್ರೆ ಸರಿ, ತಗೊಳ್ಳಿ. ಅಂಗಡಿಯವನು "ಅದೇ ಮಾಲು ಸಾರ್" ಅಂತ ಬಾಯಲ್ಲಿ ಹೇಳಿದ್ದಾದ್ರೆ ಬೇಡ.

ತಿಪಟೂರು_ತೆಂಗು

ತಡವಾಯ್ತು, ಕ್ಷಮಿಸಿ. ಎಲ್ಲ ಮುಗಿಸ್ಕೊಂಡು ಬರೀತಿದ್ದೀನಿ.

ಮೊದಲು ಬ್ರೋಕರ್. ಹಿಸ್ಟರಿ ಕಾಗದ ಟೇಬಲ್ ಮೇಲಿಟ್ಟೆ. "ನಾವು ತಂದಾಗಲೇ ಹಿಂಗಿತ್ತು ಸಾರ್, ನಮಗೂ ಮೋಸ" ಅಂದ. ಒಂದು ಗಂಟೆ ಕೂತೆ. ಭಾನುವಾರ ಬೇಕಂತಲೇ ಹೋಗಿದ್ದೆ, ಗಿರಾಕಿಗಳು ಬರ್ತಾ ಇದ್ರು. ಜಯನಗರದವರು ಹೇಳಿದ್ದು ಅಕ್ಷರಶಃ ನಿಜ, ಒಂದು ಕುಟುಂಬ ಬಂದು ಪಕ್ಕದ ಗಾಡಿ ಬಾಗಿಲು ತೆಗೆದ ತಕ್ಷಣ ನನ್ನನ್ನ ಒಳಗಿನ ರೂಮಿಗೆ ಕರ್ಕೊಂಡು ಹೋಗಿ 15 ಸಾವಿರ ವಾಪಸ್ ಕೊಟ್ಟ. ಟೀ ಕೂಡ ಕೊಟ್ಟ. ಇನ್ನೂ ಜಗ್ಗಬಹುದಿತ್ತೇನೋ, ನನಗೆ ಅಷ್ಟು ಬಾಯಿಲ್ಲ.

ಕೆಲಸ ತುಮಕೂರಿನ ಒಬ್ಬರ ಹತ್ತಿರ ಮಾಡಿಸಿದೆ. ಮೊದಲನೇ ಪ್ರಶ್ನೆಯೇ ಲಾಕಿಂಗ್ ಟೂಲ್ ಇದೆಯಾ ಅಂತ. ಗೋಡೆ ಮೇಲಿದ್ದ ಪೆಟ್ಟಿಗೆ ತೋರಿಸಿ "ಯಾರು ಹೇಳಿಕೊಟ್ರು?" ಅಂತ ನಕ್ಕರು.

ಇಡೀ ದಿನ ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ. ಸಂಪ್ ಬಿಚ್ಚಿ ತಳ ಬೆರಳಲ್ಲಿ ಕೆರೆದು ನನ್ನ ಅಂಗೈ ಮೇಲೆ ಹಚ್ಚಿದ್ರು. ಆಯಿಲ್ ಅಲ್ಲ ಅದು, ಬೇಸಿಗೇಲಿ ಕರಗಿದ ಡಾಂಬರು. ಚೈನ್ ತೆಗೆದ ಮೇಲೆ ಹಳೇದು ಹೊಸದು ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದ್ರು. ಮೇಲೆ ಸರಿಸಮ, ಕೆಳಗೆ ನೋಡಿದ್ರೆ ಹಳೇದು ಅರ್ಧ ಕೊಂಡಿಗಿಂತ ಸ್ವಲ್ಪ ಹೆಚ್ಚು ಇಳಿಬಿದ್ದಿತ್ತು. ಅಷ್ಟೇ ವ್ಯತ್ಯಾಸ. ಗೈಡ್ ಮೇಲೆ ಬಾವಿ ಕಟ್ಟೆಗೆ ಹಗ್ಗ ಉಜ್ಜಿ ಬಿದ್ದ ಗೆರೆಯಂಥ ಎರಡು ಗೆರೆ. ಟೆನ್ಷನರ್ ಪೂರ್ತಿ ಹೊರಗೆ ಚಾಚಿಕೊಂಡಿತ್ತು, ಇನ್ನು ತಳ್ಳೋಕೆ ಅದರಲ್ಲಿ ಜಾಗವೇ ಇರಲಿಲ್ಲ. "ಇನ್ನೆರಡು ತಿಂಗಳು ಓಡಿಸಿದ್ರೆ ಟೋ ಮಾಡ್ಕೊಂಡು ಬರ್ತಿದ್ರಿ" ಅಂದ್ರು.

ಬಿಲ್ ಹೀಗಿದೆ: ಚೈನ್ ಕಿಟ್ 9,400, ಒರಿಜಿನಲ್. ಸೀಲ್, ಗ್ಯಾಸ್ಕೆಟ್ ಪೇಸ್ಟ್, ಕೂಲೆಂಟ್ 1,150. ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ 4,280. ಕ್ಲಚ್ ಮೂರೂ ಸೇರಿ 6,800, ಗದಗದವರ ಮಾತು ಕೇಳಿದೆ. ಟಕ್ ಟಕ್‌ಗೆ ಲಿಂಕ್ ರಾಡೂ ಹೋಗಿತ್ತು, ಲೋಯರ್ ಆರ್ಮ್ ಬುಷ್ಷೂ ಹೋಗಿತ್ತು, ಎರಡೂ ಕಡೆದು ಸೇರಿ 5,000. ಎ.ಸಿ.ಗೆ ಗ್ಯಾಸ್ ಕಡಿಮೆ ಅಂತ ನಾನಂದ್ಕೊಂಡಿದ್ದೆ. ಅಸಲಿಗೆ ಕಂಡೆನ್ಸರ್ ಫ್ಯಾನ್ ಮೋಟರ್ ಸೋತಿತ್ತು, ಅದಕ್ಕೇ ನಿಂತಾಗ ಮಾತ್ರ ಬಿಸಿ. ಮೋಟರ್, ಗ್ಯಾಸ್ ಸೇರಿ 3,700. ಮಜೂರಿ 9,500. ಒಟ್ಟು 39,830. ಬ್ರೋಕರ್ ಕೊಟ್ಟಿದ್ದು ಕಳೆದರೆ ನನ್ನ ಕೈಯಿಂದ 24,830.

ಇಂಜೆಕ್ಟರ್ ಟೆಸ್ಟ್ ಕೂಡ ಮಾಡಿದ್ರು. ನಾಲ್ಕಕ್ಕೂ ಡ್ರಿಪ್ ಹಾಕಿದ ಹಾಗೆ ಸಣ್ಣ ಪೈಪ್, ಕೊನೇಲಿ ನಾಲ್ಕು ಬಾಟಲಿ. ಇಂಜಿನ್ ಓಡಿಸಿ ಯಾವ ಬಾಟಲಿ ಬೇಗ ತುಂಬುತ್ತೆ ಅಂತ ನೋಡೋದು, ಬೇಗ ತುಂಬಿದ್ರೆ ಆ ಇಂಜೆಕ್ಟರ್ ಸವೆದಿದೆ ಅಂತ. ಮೂರು ಸಮ, ಮೂರನೇ ಸಿಲಿಂಡರ್‌ದು ಒಂದು ಬೆರಳು ಮೇಲೆ. ಈಗ ಬೇಡ, ಸ್ಟಾರ್ಟಿಂಗ್ ತಡ ಆದಾಗ ನೋಡೋಣ ಅಂದಿದ್ದಾರೆ.

ಗದಗ_ಗಿರ್ಮಿಟ್

ಛಲೋ ಆತು ಬಿಡ್ರಿ. 45 ಸಾವಿರ ಚೈನ್ ಒಂದಕ್ಕ ಕೇಳಿದ್ರು, ಅದರಾಗ ಇಡೀ ಗಾಡಿ ಮುಗೀತು.

ಸ್ಪ್ಯಾನರ್_ಹದಿನಾಲ್ಕು

ಒಳ್ಳೇ ಕೆಲಸ ಮಾಡಿದ್ದಾರೆ. ಒಂದು ಸಾವಿರ ಕಿ.ಮೀ. ಓಡಿಸಿ ಆಯಿಲ್, ಆಯಿಲ್ ಫಿಲ್ಟರ್ ಮತ್ತೊಂದು ಸಲ ಚೇಂಜ್ ಮಾಡಿ. ಆ ಡಾಂಬರೆಲ್ಲ ಈಗ ಹೊಸ ಆಯಿಲ್‌ಗೆ ಕರಗಿ ಬರುತ್ತೆ. ಇಂಜಿನ್ ಒಳಗೆ ತೊಳೆಯೋ ಫ್ಲಶ್ ಬಾಟಲಿ ಹಾಕ್ತೀನಿ ಅಂದ್ರೆ ಬೇಡ ಅನ್ನಿ, ಒಂದೇ ಸಲ ಕಿತ್ತು ಬಂದ್ರೆ ಆಯಿಲ್ ಎಳೆಯೋ ಪೈಪಿನ ಜಾಲರಿ ಕಟ್ಕೊಳ್ಳುತ್ತೆ. ಹೈವೇಲಿ ಜೋರು ಬಂದು ನಿಲ್ಲಿಸಿದಾಗ ಅರ್ಧ ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ, ಟರ್ಬೊ ತಣ್ಣಗಾಗಲಿ.

ಕುಡ್ಲದ_ಗಾಳಿ

ಈಗ ಮೀಟರ್‌ಗೆ ಎಂತ ಮಾಡ್ತೀರಿ? ಮುಂದೆ ಮಾರುವಾಗ?

ತಿಪಟೂರು_ತೆಂಗು

ಡ್ಯಾಶ್‌ಬೋರ್ಡ್ ಡ್ರಾಯರ್ ಒಳಗೆ ಸ್ಟಿಕ್ಕರ್ ಅಂಟಿಸಿದ್ದೀನಿ, ಪರ್ಮನೆಂಟ್ ಮಾರ್ಕರ್‌ನಲ್ಲಿ: "2019ರಲ್ಲೇ 1,38,412. ಚೈನ್ ಬದಲಿಸಿದ್ದು ಮೀಟರ್ 92,870ಕ್ಕೆ." ನಮ್ಮಪ್ಪ ನೋಡಿ, ಇದನ್ನ ಓದಿದ ಮೇಲೆ ಯಾರು ತಗೋತಾರೋ ಅಂದ್ರು.

ಅರಸೀಕೆರೆ_ಜಂಕ್ಷನ್

ಈ ಚರ್ಚೆ ಪೂರ್ತಿ ಓದಿದೆ. ನಾಳೆ ಒಂದು 2015ರ ಎರ್ಟಿಗಾ ಡೀಸೆಲ್ ನೋಡೋಕೆ ಹೋಗ್ತಿದ್ದೀನಿ, ಇದೇ ಇಂಜಿನ್ ಅಲ್ವಾ? ಬೆಳಿಗ್ಗೆ ಏಳಕ್ಕೆ ಬರ್ತೀನಿ ಅಂದೆ. "ಅಷ್ಟು ಬೇಗ ಯಾಕೆ ಸಾರ್, ಹನ್ನೊಂದಕ್ಕೆ ಬನ್ನಿ, ಗಾಡಿ ತೊಳೆಸಿ ಇಟ್ಟಿರ್ತೀನಿ" ಅಂತಾರೆ.

ಸ್ಪ್ಯಾನರ್_ಹದಿನಾಲ್ಕು

ಅದೇ ಇಂಜಿನ್, ಟರ್ಬೊ ಮಾತ್ರ ಬೇರೆ, ವಿಜಿಟಿ, ಒಳಗಿನ ರೆಕ್ಕೆ ಕೋನ ಬದಲಾಯಿಸೋ ಥರದ್ದು. ಹೋದರೆ ದುಬಾರಿ.

ಆರೂವರೆಗೆ ಹೋಗಿ. ಮಾತಾಡೋ ಮುಂಚೆ ಬಾನೆಟ್ ಮೇಲೆ ಕೈ ಇಡಿ.